ಓಡ್‌ಮುಂಡನ ಹೆಸರಿದ್ದ ಗೋಡೆ

ಮೇ ತಿಂಗಳ ಕೊನೆಯ ಆ ಬೆಳಗು ಆರು ತಿಂಗಳ ಅಂಧಕಾರವನ್ನು ಮರೆಸಲೆಂದೇ ಹುಟ್ಟಿದಂತಿತ್ತು... ಓಸ್ಲೋ ಕೊಲ್ಲಿಯ ನಿಶ್ಚಲ ಜಲರಾಶಿಯ ಮೇಲೆ ರಜತಕಾಂತಿ ಹಾಸಿತ್ತು. ಬಿಗ್ಡಾಯ್ ಪರ್ಯಾಯದ್ವೀಪದ ಭೂರ್ಜವೃಕ್ಷಗಳ ಎಳೆಹಸಿರು ಆಗಷ್ಟೇ ಮಿಂದ ಮಕ್ಕಳ ಮುಖದಂತೆ ಹೊಳೆಯುತ್ತಿತ್ತು. ಲೈಲಾಕ್ ಹೂಗಳ ಮಂದಸೌರಭವೋ, ದುಃಖವೆಂಬುದೊಂದು ಈ ಲೋಕದಲ್ಲಿದೆಯೇ ಎಂದು ಕೇಳುವಂತಿತ್ತು!

ಇತ್ತು, ಸಹೃದಯರೇ. ಅರವತ್ತಮೂರರ ಗುಡ್‌ವೈಗ್‌ಳ ಎದೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಇತ್ತು. ಒಂದು ಜನವರಿಯಲ್ಲಿ ಮೀನಿಗೆ ಹೋದ ಗಂಡ ಓಡ್‌ಮುಂಡ್ ಮರಳಲಿಲ್ಲ, ದೇಹವೂ ಸಿಗಲಿಲ್ಲ. ಉತ್ತರದ ಕರಾವಳಿಯನ್ನು ಬಿಟ್ಟು ಬಂದವಳು ಈ ನಗರದಲ್ಲಿ ನರ್ಸ್ ಆಗಿ ದುಡಿದಳು. ದೋಣಿಯ ಹತ್ತಿರ ಸುಳಿಯಲಿಲ್ಲ. ಈಗ ನಿವೃತ್ತ ಹಡಗು ಮೆಕ್ಯಾನಿಕ್ ಟೊರ್ಲೈವ್ ಅವಳನ್ನು ಮದುವೆಯಾಗಲು, ಕೊಲ್ಲಿಯ ದ್ವೀಪವೊಂದರಲ್ಲಿರುವ ತನ್ನ ಮನೆಗೆ ಬರಲು ಕೇಳಿದ್ದ. ಇಂದು ಉತ್ತರ ಹೇಳುವೆನೆಂದು ಅವಳು ಮಾತು ಕೊಟ್ಟಿದ್ದಳು.

ನೌಕಾ ಸಂಗ್ರಹಾಲಯದಲ್ಲಿ ಅವನು ಹಳೆಯ ಎಂಜಿನ್‌ಗಳನ್ನು ತೋರಿಸಿದ. ಕೊನೆಯ ಕೋಣೆಯ ಬಾಗಿಲಲ್ಲಿ ಅಡ್ಡ ನಿಂತ.

"ಇದು ಬೇಡ ಗುಡ್‌ವೈಗ್. ಮುಳುಗಿದವರ ಹೆಸರು ಬರೆದಿರೋ ಗೋಡೆ."

"ಅದಕ್ಕೇ ಬಂದಿದ್ದು. ಸರಿ ಪಕ್ಕಕ್ಕೆ."

ಶ್ಯಾಮಲ ಹಲಗೆಗಳ ಮೇಲೆ ವರ್ಷಾನುಕ್ರಮದಲ್ಲಿ ದೋಣಿಗಳು, ದೋಣಿಗಳ ಕೆಳಗೆ ಮನುಷ್ಯರು... ಅವಳ ಬೆರಳು ಸಾಲುಗಳ ಗುಂಟ ಇಳಿದು, ಓಡ್‌ಮುಂಡನ ಹೆಸರಿನ ಮೇಲೆ ನಿಂತಿತು. ಟೊರ್ಲೈವ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವಳು ಹೇಳಿದಳು:

"ಹೆಸರು ತಪ್ಪಿಲ್ಲದೆ ಬರೆದಿದ್ದಾರೆ. ಸರ್ಕಾರಿ ಕಾಗದದಲ್ಲಿ ಒಂದು ಅಕ್ಷರ ತಪ್ಪಿತ್ತು... ನಡಿ, ಹಸಿವಾಗ್ತಿದೆ."

ನಡೆಯುವಷ್ಟೇ ದೂರದ ಜಾನಪದ ಸಂಗ್ರಹಾಲಯದಲ್ಲಿ, ಹುಲ್ಲು ಬೆಳೆದ ಮಾಡಿನ ಮರದ ಮನೆಯೊಂದರಲ್ಲಿ, ಹೆಂಗಸೊಬ್ಬಳು ಕಾವಲಿಯ ಮೇಲೆ ತೆಳುವಾದ ಲೆಫ್ಸೆ ರೊಟ್ಟಿ ಸುಡುತ್ತಿದ್ದಳು. ಬೆಣ್ಣೆ-ಸಕ್ಕರೆ ಸವರಿದ ರೊಟ್ಟಿ ಹಿಡಿದು ಇಬ್ಬರೂ ಹೊಸ್ತಿಲಲ್ಲೇ ಕುಳಿತರು.

"ಒಳಗಿರೋ ಗಿಡ್ಡ ಮಂಚ ನೋಡಿದ್ಯಾ? ಅದ್ರಲ್ಲಿ ಮಲಗಿದ್ರೆ ನನ್ನ ಕಾಲು ಅಂಗಳಕ್ಕೆ ಬರುತ್ತೆ," ಎಂದ ಅವನು.

ಅವಳು ನಗಲಿಲ್ಲ. "ಬೇಸಿಗೆಯೆಲ್ಲಾ ನಿನ್ನ ದ್ವೀಪದಲ್ಲಿ ಇರ್ತೀನಿ. ಚಳಿಗಾಲಕ್ಕೆ ನೀನು ನನ್ನ ಮನೆಗೆ ಬರ್ಬೇಕು. ಜನವರಿಯಲ್ಲಿ ನನ್ನ ಕಣ್ಣಿಗೆ ಕಡಲ ನೀರು ಕಾಣಬಾರದು."

"ಕಿಟಕಿಗೆ ಪರದೆ ಹಾಕಿಸ್ತೀನಲ್ಲ!"

"ನೀರಿನ ಸದ್ದಿಗೂ ಹಾಕಿಸ್ತೀಯಾ?"

ಅವನು ರೊಟ್ಟಿಯನ್ನು ನಿಧಾನವಾಗಿ ಅಗಿದ. ಅಲೆಯ ಸದ್ದಿಲ್ಲದೆ ಅವನು ಒಂದು ಚಳಿಗಾಲವನ್ನೂ ಕಳೆದವನಲ್ಲ.

"ಆಯ್ತು. ಆದ್ರೆ ನಾನು ಗೊರಕೆ ಹೊಡೀತೀನಿ."

"ಇಪ್ಪತ್ತೈದು ವರ್ಷ ಆಸ್ಪತ್ರೇಲಿ ಗೊರಕೆ ಕೇಳಿದೋಳು ನಾನು." ಅವಳು ಅವನತ್ತ ತಿರುಗಿದಳು. "ನನ್ನ ಮನೆ ಗೋಡೆ ಮೇಲೆ ಓಡ್‌ಮುಂಡನ ಫೋಟೋ ಇದೆ ಟೊರ್ಲೈವ್. ತೆಗೆಯೋಲ್ಲ."

"ಯಾಕೆ ತೆಗೀಬೇಕು? ಮೊಳೆ ಗಟ್ಟಿ ಇದೆಯಾ ಅಂತ ನೋಡ್ತೀನಿ, ಅಷ್ಟೆ."

ಆಗ ಅವಳು ಅತ್ತಳು. ಸಕ್ಕರೆ ಅಂಟಿದ ಕೈಯಲ್ಲೇ ಅವನ ಕೈ ಹಿಡಿದಳು.

ಆಹಾ, ಮಾನವಹೃದಯದ ವಿಸ್ತಾರವನ್ನು ಅಳೆದವರಾರು! ಮೊದಲ ಪ್ರೀತಿ ಕಣ್ಣುಮುಚ್ಚಿ ಧುಮುಕುತ್ತದೆ. ಕೊನೆಯ ಪ್ರೀತಿಯೋ, ತನಗಿಂತ ಮೊದಲು ಬಂದವನಿಗೆ ತಲೆಬಾಗಿ, ಅವನ ಪಕ್ಕದಲ್ಲೇ ತನಗಿಷ್ಟು ಸ್ಥಳ ಕೇಳಿಕೊಂಡು, ಸಂಜೆಬೆಳಕಿನಂತೆ ಸದ್ದಿಲ್ಲದೆ ಒಳಬರುತ್ತದೆ...