ಖಾಲಿ ಚೀಲ

ಅಕ್ಕನ ಪಿತ್ತಕೋಶವನ್ನು ಕಲ್ಲುಗಳ ಸಮೇತ ತೆಗೆದಾಗ ಪೀಡೆ ತೊಲಗಿತು ಅಂದುಕೊಂಡೆವು. ಎಲ್ಲಿ ತೊಲಗುತ್ತದೆ! ಒಳಗೆ ಕತ್ತರಿಸಿ ಕ್ಲಿಪ್ ಹಾಕಿದ ನಾಳದ ತುದಿಯಿಂದ ಪಿತ್ತರಸ ಸೋರತೊಡಗಿತು. ಅದು ಹೊಟ್ಟೆಯಲ್ಲಿ ನಿಲ್ಲದಿರಲೆಂದು ಪಕ್ಕೆಗೊಂದು ಕೊಳವೆ, ಅದರ ತುದಿಗೊಂದು ಪ್ಲಾಸ್ಟಿಕ್ ಚೀಲ ಇಟ್ಟರು.

"ಸಣ್ಣ ಸೋರಿಕೆ, ತಾನಾಗೇ ನಿಲ್ಲಬಹುದು. ಚೀಲಕ್ಕೆ ಎಷ್ಟು ಬರ್ತಿದೆ ನೋಡ್ತಾ ಇರಿ" ಎಂದು ಡಾಕ್ಟರು ಮನೆಗೆ ಕಳಿಸಿದರು.

ಅಕ್ಕ ಬಟ್ಟೆ ಹೊಲಿಯುವವಳು. ಹಳದಿ ನೀರಿನ ಚೀಲ ನೇತುಹಾಕಿಕೊಂಡು ಗಿರಾಕಿಗಳ ಎದುರು ಕೂರುವುದೆಂದರೆ ಅವಳಿಗೆ ಪ್ರಾಣಸಂಕಟ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಉಳಿದ ಲೈನಿಂಗ್ ಬಟ್ಟೆಯಲ್ಲಿ ಸೊಂಟಕ್ಕೆ ಕಟ್ಟುವ ಜೇಬು ಹೊಲಿದು, ಚೀಲವನ್ನು ಅದರೊಳಗೆ ಸೇರಿಸಿ, ಮೇಲೆ ಸಡಿಲ ಅಂಗಿ ತೊಟ್ಟಿದ್ದಳು.

"ಹೇಗಿದೆ ಫಿಟ್ಟಿಂಗು?"

"ನಿನ್ನ ತಲೆ! ರೋಗಕ್ಕೂ ಅಳತೆ ತಗೊಂಡ್ಯಾ?" ಎಂದು ರೇಗಿದೆ. ಆದರೂ ನಗು ಬಂತು.

ಮರುದಿನ ಚೀಲ ಖಾಲಿ. ನಮ್ಮ ಖುಷಿಗೆ ಪಾರವೇ ಇರಲಿಲ್ಲ. ಭಾವನಂತೂ ಊರಿಗೆಲ್ಲ ಫೋನ್ ಮಾಡಿ ಹೇಳಿದ. ಸಂಜೆ ಅಕ್ಕನ ಬಲಭುಜ ನೋಯತೊಡಗಿತು.

"ಮೆಷಿನ್ ಮುಂದೆ ಬಗ್ಗಿ ಕೂತಿದ್ದಕ್ಕೆ ಕಣೆ" ಎಂದಳು.

ಆಮೇಲೆ ಚಳಿಜ್ವರ ಬಂತು, ಹೊಟ್ಟೆ ಬಿಗಿಯಿತು. ಜೇಬು ಬಿಚ್ಚಿ ನೋಡಿದರೆ ಕೊಳವೆ ಮಡಚಿಕೊಂಡು ಸೊಂಟಪಟ್ಟಿಯಡಿ ಅಪ್ಪಚ್ಚಿಯಾಗಿದೆ. ಸೋರಿಕೆ ನಿಂತಿರಲೇ ಇಲ್ಲ. ಹೊರಗೆ ಬರುವ ದಾರಿ ಕಟ್ಟಿ, ಎಲ್ಲ ಹೊಟ್ಟೆಯಲ್ಲೇ ತುಂಬಿಕೊಂಡಿತ್ತು. ಭುಜದ ನೋವೂ ಅದರದ್ದೇ ಅಂತ ಆಮೇಲೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸ್ಕ್ಯಾನ್ ನೋಡಿ ಹೊಸ ಕೊಳವೆ ಹಾಕಿದರು.

"ಬಾಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದಲ್ಲಿ ಸ್ಟೆಂಟ್ ಅಂತ ಪುಟ್ಟ ನಳಿಗೆ ಇಡ್ತೀವಿ. ರಸ ಸಲೀಸಾಗಿ ಕರುಳಿಗೆ ಇಳಿದ್ರೆ ಸೋರೋ ಕಡೆ ಒತ್ತಡ ಇರಲ್ಲ, ಆ ಜಾಗ ಕೂಡಿಕೊಳ್ಳುತ್ತೆ."

"ಕೂಡದೇ ಹೋದ್ರೆ?" ಎಂದು ಕೇಳಿದೆ.

"ಮೊದಲು ಇದು ಆಗ್ಲಿ" ಎಂದರು. ಅಕ್ಕನನ್ನು ಒಳಗೆ ಕರೆದೊಯ್ದರು, ಬಾಗಿಲು ಮುಚ್ಚಿತು. ಭಾವ ಗೋಡೆಗೊರಗಿ ನಿಂತ, ನಾನು ಕೂತಲ್ಲಿ ಕೂರಲಾರದೆ ಓಡಾಡಿದೆ. ಅಕ್ಕ ಇಲ್ಲದ ಮನೆಯನ್ನು ನೆನೆಯಲೂ ಭಯವಾಯಿತು.

ಸ್ಟೆಂಟ್ ಸರಿಯಾಗಿ ಕೂತಿತು. ಚೀಲಕ್ಕೆ ಬರುವುದು ದಿನದಿನಕ್ಕೆ ಕಡಿಮೆಯಾಯಿತು. ಒಂದು ಬೆಳಿಗ್ಗೆ ನರ್ಸಮ್ಮ ಚೀಲ ಎತ್ತಿ ಹಿಡಿದು, "ನೋಡಿ, ಏನೂ ಬಂದಿಲ್ಲ!" ಎಂದು ನಕ್ಕರು.

ಅಕ್ಕ ಕೊಳವೆಯನ್ನು ಪಕ್ಕೆಯಿಂದ ಚೀಲದವರೆಗೂ ಬೆರಳಲ್ಲಿ ಸವರಿ ನೋಡಿದಳು. ಎಲ್ಲೂ ಮಡಿಕೆ ಇರಲಿಲ್ಲ. ಸ್ಕ್ಯಾನ್ ಮಾಡಲೇಬೇಕೆಂದು ಹಟ ಹಿಡಿದಳು.

"ಒಳಗೆ ಒಂದು ಹನಿಯೂ ನಿಂತಿಲ್ಲ. ಇಳೀರಿ, ಇನ್ನು ಮನೆಗೆ ಹೋಗಬಹುದು" ಎಂದರು ಡಾಕ್ಟರು, ಸ್ಕ್ಯಾನ್ ಮುಗಿಸಿ.

ಅಕ್ಕ ಮೇಜಿನಿಂದ ಇಳಿಯಲಿಲ್ಲ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಡಾಕ್ಟ್ರೇ, ಇನ್ನೊಂದ್ಸಲ ನೋಡಿ" ಎಂದಳು.