ಅಕ್ಕ-ತಂಗಿಯರ ಖೋಲಿ

ಹನ್ನೊಂದು ತಿಂಗಳಿಗೊಮ್ಮೆ ದಮಯಂತಿ ಬ್ರೋಕರನ ಬಾಗಿಲಿಗೆ ಅಲೆಯಬೇಕಾಗುತ್ತಿತ್ತು. ಕೋಪರಖೈರಣೆಯಲ್ಲಿ ಬಾಡಿಗೆ ಕರಾರಿನ ಆಯುಸ್ಸೇ ಅಷ್ಟು. ಪ್ರತಿ ಸಲವೂ ಹೊಸ ಕಾಗದ, ಹೊಸ ಪೊಲೀಸ್ ಫಾರ್ಮು. ಅದರಲ್ಲೊಂದು ಖಾನೆ: ಒಳಗಿರುವವರು ಒಬ್ಬರಿಗೊಬ್ಬರು ಏನಾಗಬೇಕು? ಒಂಬತ್ತು ವರ್ಷದಿಂದ ಅಲ್ಲಿ ಮರಾಠಿಯಲ್ಲಿ ‘ಬಹಿಣಿ’ ಎಂದೇ ಬರೆಸುತ್ತ ಬಂದಿದ್ದರು. ಅಕ್ಕ-ತಂಗಿ.

ಜೊತೆಗಿರುವ ಚಂದವ್ವನಿಗೆ ಅದೊಂದು ಚೇಷ್ಟೆ. “ಪಂಚಮಿಗೆ ಇಬ್ಬರೂ ಕೂಡೇ ತವರಿಗೆ ಹೋಗೂಣ ನಡಿ, ಅಕ್ಕಾ. ಯಾವ ಊರಿಗಿ ಅಂತ ಅಷ್ಟ ನೀನ ಹೇಳ.”

ಚಂದವ್ವ ಬಾಗಲಕೋಟೆ ಕಡೆಯವಳು, ವಾಶಿ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಆರಿಸುವವಳು. ದಮಯಂತಿ ಉಡುಪಿಯವಳು, ಹೋಟೆಲಿನ ಅಡುಗೆಮನೆಯಲ್ಲಿ ದೋಸೆಹಿಟ್ಟು ರುಬ್ಬುವವಳು. ಹಳೆಯ ಮಾಲೀಕ ಮರಾಠಿಯವನಾದ್ದರಿಂದ ಅವನಿಗೆ ಎಲ್ಲ ಕನ್ನಡವೂ ಒಂದೇ. ಸುಳ್ಳು ಸಲೀಸಾಗಿ ನಡೆದಿತ್ತು. ಆದರೆ ಅವನು ಖೋಲಿ ಮಾರಿಬಿಟ್ಟ. ಕೊಂಡವರು ಐರೋಲಿಯ ಸತ್ಯಭಾಮಮ್ಮ. ಮೂಲ ಉಡುಪಿಯವರು, ಗಂಡ ಇದ್ದಾಗ ಹೋಟೆಲು ನಡೆಸಿದವರು.

ಅದು ೨೦೧೪ರ ಫೆಬ್ರವರಿ. ಎರಡು ತಿಂಗಳ ಹಿಂದಷ್ಟೇ ದಿಲ್ಲಿಯ ದೊಡ್ಡ ಕೋರ್ಟು ಹೆಣ್ಣಿಗೆ ಹೆಣ್ಣೇ ಸಂಗಾತಿಯಾದ ಇಂಥವರ ಬಾಳ್ವೆಯನ್ನು ಮತ್ತೆ ಅಪರಾಧದ ಸಾಲಿಗೆ ಸೇರಿಸಿತ್ತು. ಠಾಣೆ ಊರಿನಲ್ಲಿ ಇಂಥ ಹೆಂಗಸರ ಗುಂಪು ಕೂಡುತ್ತಿದ್ದ ಜಾಗ ತೀರ್ಪು ಬಂದ ವಾರವೇ ಕೈತಪ್ಪಿತು. ಗುಂಪಿನ ತಗಡಿನ ಟ್ರಂಕು ಈ ಖೋಲಿಗೆ ಬಂತು. ಹದಿನೈದು ವರ್ಷದಿಂದ ಡೊಂಬಿವಲಿ, ಕಲ್ಯಾಣ್, ಭಿವಂಡಿಯ ಹೆಂಗಸರು ಗುಂಪಿನ ಅಂಚೆಪೆಟ್ಟಿಗೆಗೆ ಬರೆದ ಕಾಗದಗಳು ಅದರಲ್ಲಿದ್ದವು. ಭಾನುವಾರದ ಕೂಟವೂ ಇಲ್ಲೇ. ಈ ಖೋಲಿ ಹೋದರೆ ಇಬ್ಬರ ಸೂರಷ್ಟೇ ಹೋಗುತ್ತಿರಲಿಲ್ಲ.

“ಖೋಲಿ ಕೊಂಡ ಅಮ್ಮ ಬಂದಾಗ ನೀನು ಬಾಯಿ ಬಿಡ್ಬೇಡ ಮಾರಾಯ್ತಿ,” ಎಂದಳು ದಮಯಂತಿ. “ಗಂಟಲು ಕಟ್ಟಿದೆ ಅಂತ ಹೇಳ್ತೇನೆ.”

“ಆತ್ ಬಿಡ, ಮೂಕಿ ಆಗ್ತೀನಿ. ಸಂತೀ ಒಳಗ ಹುಟ್ಟಿದ ಮೂಕಿ.”

ಸತ್ಯಭಾಮಮ್ಮ ಮಧ್ಯಾಹ್ನ ಒಂದು ಗಂಟೆಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕುರ್ಚಿ ಇರಲಿಲ್ಲ, ನೆಟ್ಟಗೆ ಹೋಗಿ ಟ್ರಂಕಿನ ಮೇಲೆ ಕುಳಿತರು. ದಮಯಂತಿಯ ಮಾತು ಕೇಳಿದ್ದೇ ತಡ, ಮುಖ ಅರಳಿ ತುಳುವಿಗೆ ಇಳಿದರು. ಇಬ್ಬರೂ ಊರು, ಕೇರಿ, ಹಲಸಿನ ಹಪ್ಪಳದ ಸುದ್ದಿ ಮಾತಾಡಿದರು. ದಮಯಂತಿಯ ಎದೆ ಇನ್ನೇನು ಹಗುರಾಗಬೇಕು, ಅಷ್ಟರಲ್ಲಿ ಅವರು ಚಹಾ ತಂದ ಚಂದವ್ವನತ್ತ ತಿರುಗಿ ಅಕ್ಕರೆಯಿಂದ ಕೇಳಿದರು:

“ಒಣಸ್ ಆಂಡಾ?”

ಊಟ ಆಯಿತೇ ಎಂದು. ಒಂಬತ್ತು ವರ್ಷ ದಿನಾ ಕೇಳಿದ ಮಾತು, ಚಂದವ್ವನಿಗೆ ಅರ್ಥವಾಗದೆ ಇರುತ್ತದೆಯೇ? ಅರ್ಥವಾದ ಸಂತೋಷದಲ್ಲಿ ಕಟ್ಟಿದ ಗಂಟಲು ಮರೆತೇ ಹೋಯಿತು.

“ಆತ್ರಿ ಅಮ್ಮಾರ! ಬಿಸಿ ರೊಟ್ಟಿ, ಪುಂಡಿಪಲ್ಯಾ. ನೀವೂ ಒಂದ ರೊಟ್ಟಿ ಉಣ್ರಲ್ಲಾ!”



“ನಮ್ಮ ಉಡುಪಿಯಲ್ಲಿ ಪುಂಡಿಪಲ್ಯ ಯಾವಾಗ ಶುರುವಾಯ್ತು ಮಾರಾಯ್ತಿ?” ಸತ್ಯಭಾಮಮ್ಮ ಲೋಟ ಕೆಳಗಿಟ್ಟರು. “ಅಕ್ಕ-ತಂಗಿ ಅಂತ ಹೇಳಿದ್ದಲ್ಲ ಬ್ರೋಕರ್?”

ಚಂದವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

“ಅಕ್ಕ-ತಂಗಿ ಅಲ್ರಿ. ಕೂಡಿ ಬಾಳ್ವೆ ಮಾಡಾಕತ್ತೀವ್ರಿ, ಇಬ್ಬರೂ. ಒಂಬತ್ತ ವರ್ಷಾತು.”

“ಹಾಗಾದ್ರೆ ಭಾನುವಾರ ಹೆಂಗಸರ ಹಿಂಡು ಬರ್ತದಂತಲ್ಲ, ಅದೆಂತ? ಚೀಟಿ ವ್ಯವಹಾರವಾ?”

“ಇಲ್ರಿ.”

“ಪಾರ್ಟಿಯದ್ದಾ? ಇಲೆಕ್ಷನ್ ಬೇರೆ ಹತ್ತಿರ ಬಂತು.”

“ನಮ್ಮಂಥೋರ ಬರ್ತಾರ್ರೀ. ಕಷ್ಟಾ ಸುಖಾ ಮಾತಾಡ್ತೀವಿ. ನೀವ ಕುಂತೀರಲ್ಲ, ಅದರಾಗ ಅವರ ಕಾಗದಾ ಅದಾವ್ರಿ. ಹೆಸರ ಸುದ್ದಾ ಬರಿಯಾಕ ಅಂಜಿದವರವು.”

ಸತ್ಯಭಾಮಮ್ಮ ತಾವು ಕುಳಿತದ್ದನ್ನು ಬಗ್ಗಿ ನೋಡಿಕೊಂಡರು. ತುಸು ಪಕ್ಕಕ್ಕೆ ಸರಿದರು, ಆದರೆ ಏಳಲಿಲ್ಲ. ದಮಯಂತಿ ಮನಸ್ಸಿನಲ್ಲೇ ಪಾತ್ರೆಪಗಡ ಕಟ್ಟತೊಡಗಿದ್ದಳು. ಸ್ಟೋವು ಒಂದು ಚೀಲಕ್ಕೆ, ಹಾಸಿಗೆ ಒಂದಕ್ಕೆ. ಟ್ರಂಕು ಯಾರ ತಲೆಯ ಮೇಲೆ?

“ಹಾಗಾದ್ರೆ ನೀವು ಇದನ್ನು ಇಲ್ಲಿ ಇಟ್ಟದ್ದು ಶುದ್ಧ ತಪ್ಪು,” ಎಂದರು ಸತ್ಯಭಾಮಮ್ಮ.

“ಅಮ್ಮಾ…” ಎಂದಳು ದಮಯಂತಿ.

“ಈ ಗೋಡೆ ಜೂನ್‌ನಲ್ಲಿ ಒಸರ್ತದೆ ಅಂತ ಮಾರಿದವನೇ ಹೇಳಿದ್ದಾನೆ. ಕಾಗದ ಎಲ್ಲ ಮುದ್ದೆ ಆಗ್ತದೆ. ಆಚೆ ಗೋಡೆಗೆ ಇಡಿ, ಅಡಿಗೆ ನಾಲ್ಕು ಇಟ್ಟಿಗೆ ಕೊಡಿ.”

ಜೂನ್. ಅಂದರೆ ಆಗಲೂ ತಾವಿಬ್ಬರೂ ಇಲ್ಲೇ ಎಂದು ದಮಯಂತಿಗೆ ಹೊಳೆಯಿತು. ಮನಸ್ಸಿನಲ್ಲಿ ಕಟ್ಟಿದ್ದ ಚೀಲಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

“ಮತ್ತೆ ಫಾರ್ಮಿನಲ್ಲಿ ಆ ಅಕ್ಕ-ತಂಗಿ ಬೇಡ,” ಸತ್ಯಭಾಮಮ್ಮ ಎದ್ದು ಸೀರೆ ಸರಿಮಾಡಿಕೊಂಡರು. “‘ಮೈತ್ರಿಣಿ’ ಅಂತ ಬರೆಸಿ. ಗೆಳತಿಯರು. ನಿಮ್ಮಿಬ್ಬರ ಮಾತು ಕೇಳಿದ್ರೆ ಯಾವ ಕನ್ನಡದವನೂ ಅಕ್ಕ-ತಂಗಿ ಅಂತ ನಂಬುದಿಲ್ಲ. ಉಳಿದದ್ದು ನಂಗೆ ಗೊತ್ತಿಲ್ಲ, ಗೊತ್ತಾಗುದೂ ಬೇಡ. ಆ ಪುಂಡಿಪಲ್ಯ ಎಂತದು, ಸ್ವಲ್ಪ ಡಬ್ಬಿಗೆ ಹಾಕಿ ಕೊಡು.”

ಚಂದವ್ವ ಡಬ್ಬಿ ತುಂಬಿಸಿ, ಮೇಲೆರಡು ರೊಟ್ಟಿ ಇಟ್ಟು, ಕೆಳಗಿನ ಮೆಟ್ಟಿಲವರೆಗೂ ಮಾತಾಡುತ್ತಲೇ ಇಳಿದುಹೋದಳು. ಅವಳ ದೊಡ್ಡ ದನಿ ಚಾಳಿನ ಎಲ್ಲ ಮನೆಗಳಿಗೂ ಕೇಳುತ್ತಿತ್ತು. ದಮಯಂತಿ ಸುಮ್ಮನಿರೆಂದು ಕೂಗಲಿಲ್ಲ. ಚಪ್ಪಲಿ ಮೆಟ್ಟಿ, ಇಟ್ಟಿಗೆ ಎಲ್ಲಿ ಸಿಗುತ್ತದೆಂದು ನೋಡಲು ಹೊರಟಳು.