ಡುಮ್ಮಿಯ ಭಾರ

ಆ ಸರಕು ವಿಮಾನವನ್ನು ಎಲ್ಲರೂ ಡುಮ್ಮಿ ಎನ್ನುತ್ತಿದ್ದರು. ಉಬ್ಬಿದ ಬೆನ್ನು, ಬಸ್ಸುಗಳನ್ನೇ ನುಂಗುವಂಥ ಹೊಟ್ಟೆ. ನೋಡಿದವರು "ಇದೂ ಹಾರುತ್ತಾ?" ಎಂದು ಕೇಳದೆ ಇರುತ್ತಿರಲಿಲ್ಲ.

"ಹೊಟ್ಟೆ ತುಂಬ ಬರೀ ಗಾಳಿ ಕಣ್ರೀ," ಎನ್ನುತ್ತಿದ್ದಳು ತೂಕದ ಮೇಡಂ. "ಎತ್ತೋದು ರೆಕ್ಕೆ, ನೇರ ಇಡೋದು ಬಾಲ. ಭಾರ ರೆಕ್ಕೆ ಹತ್ರ ಕೂತ್ರೆ ಆಯ್ತು, ಆಕಾರ ಹೇಗಿದ್ರೇನು?"

ಯಾವ ಸರಕು ಎಲ್ಲಿ ಕೂರಬೇಕೆಂದು ನಿರ್ಧರಿಸುವುದೇ ಅವಳ ಕೆಲಸ. ಅವಳ ಸಹಿ ಬೀಳದೆ ಡುಮ್ಮಿ ಕದಲುತ್ತಿರಲಿಲ್ಲ. ಹಾರಿಸುತ್ತಿದ್ದವನು ಅವಳ ಗಂಡನ ತಮ್ಮ.

ಅಂದು ಬೆಳಿಗ್ಗೆ ಬಂದದ್ದು ಇನ್ನೊಂದು ವಿಮಾನದ ರೆಕ್ಕೆ, ಉಕ್ಕಿನ ಚೌಕಟ್ಟಿನಲ್ಲಿ ಬಿಗಿದದ್ದು. ಚೌಕಟ್ಟಿನ ಹಿಂತುದಿಗೆ ಹೊಸದಾಗಿ ತೊಲೆಗಳನ್ನು ಬೆಸೆದಿದ್ದರು. ಕಾಗದದಲ್ಲಿ ಮಾತ್ರ ಹಳೆಯ ತೂಕವೇ ಇತ್ತು.

"ಮತ್ತೆ ತೂಗಿಸ್ಬೇಕು ಸಾರ್," ಎಂದಳು ಮೇಡಂ.

"ತೂಕದ ಯಂತ್ರ ಕೆಟ್ಟಿದೆ, ರಿಪೇರಿಗೆ ಎರಡು ದಿನ," ಎಂದ ಮ್ಯಾನೇಜರ್. "ನಾಲ್ಕು ತೊಲೆಗೆ ಏನಮ್ಮ, ಆನೆ ಭಾರವಾ?"

ಮೈದುನ ನಕ್ಕ. "ಅತ್ತಿಗೆ, ನೀವು ಹೂಂ ಅಂದ್ರೆ ನಾನು ರೆಡಿ."

ಬೇಡ ಎನ್ನಲು ಬಾಯಿ ತೆರೆದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಸಹಿ ಹಾಕಿದಳು.

ಡುಮ್ಮಿ ನೆಲ ಬಿಟ್ಟಿತು. ಮೂತಿ ಮೇಲೇರಿತು, ಏರುತ್ತಲೇ ಹೋಯಿತು. ಒಂದು ಗಳಿಗೆ ಗಾಳಿಯಲ್ಲೇ ನಿಂತಂತಾಗಿ, ಪಕ್ಕಕ್ಕೆ ವಾಲಿ, ರನ್‌ವೇ ಆಚೆಯ ಬಯಲಿಗೆ ಕುಸಿದು ಹೊತ್ತಿಕೊಂಡಿತು. ಜೊತೆಯ ಪೈಲಟ್ ಅಲ್ಲೇ ಸತ್ತ. ಮೈದುನ ಆಸ್ಪತ್ರೆಯಲ್ಲಿ ಮೂರು ದಿನ ಜೀವ ಹಿಡಿದುಕೊಂಡಿದ್ದ.

"ಮೂತಿ ಇಳೀಲೇ ಇಲ್ಲ ಅತ್ತಿಗೆ. ಹಿಡಿಕೇನ ಎರಡೂ ಕೈಲಿ ಮುಂದಕ್ಕೆ ಒತ್ತಿದೆ. ಎಲ್ಲಿ ತಪ್ಪಿದೆ ನಾನು?"

"ನಿಂದೇನೂ ತಪ್ಪಿಲ್ಲ ಕಣೋ."

ಸಹಿಯ ವಿಷಯ ನಾಳೆ ಹೇಳೋಣವೆಂದು ಅವನ ಹೊದಿಕೆ ಸರಿಪಡಿಸಿದಳು. ಹೇಳುವ ಧೈರ್ಯ ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ವಾರ ಕಳೆದು ಮ್ಯಾನೇಜರ್ ಮನೆಗೇ ಬಂದ. "ವಿಚಾರಣೇಲಿ ಪೈಲಟ್ ಮೂತೀನ ಜಾಸ್ತಿ ಎತ್ತಿದ ಅಂದ್ಬಿಡಿ. ಸತ್ತವರ ಕೆಲಸ ಹೋಗಲ್ಲ, ನಿಮ್ಮದು ಹೋಗುತ್ತೆ."

ವಿಚಾರಣೆಯಲ್ಲಿ ಅವಳು ಎದ್ದು ನಿಂತು, "ಅನುಮಾನ ಇತ್ತು. ಆದ್ರೂ ತೂಗಿಸ್ದೆ ಸಹಿ ಹಾಕಿದೆ," ಎಂದಳು. ಸುಟ್ಟುಳಿದ ಚೌಕಟ್ಟನ್ನು ತೂಗಿದರು. ಕಾಗದಕ್ಕಿಂತ ನಾಲ್ಕು ಟನ್ ಹೆಚ್ಚು, ಅಷ್ಟೂ ಹಿಂಭಾಗದಲ್ಲೇ; ಆ ಭಾರಕ್ಕೆ ಬಾಲ ಜಗ್ಗಿ ಮೂತಿ ಎದ್ದಿತ್ತು. ಮೈದುನನೇ ತಪ್ಪಾಗಿ ಹಾರಿಸಿದನೆಂಬ ಆರೋಪ ಬಿದ್ದುಹೋಯಿತು. ಅವಳ ಪರವಾನಗಿ ರದ್ದಾಯಿತು. ಮ್ಯಾನೇಜರನಿಗೆ ಬೇರೆ ಊರಿಗೆ ವರ್ಗವಾಯಿತು, ಅಷ್ಟೆ.

ಗಂಡ ಅಂದಿನಿಂದ ತಾನೇ ಬಡಿಸಿಕೊಂಡು ಉಣ್ಣುತ್ತಿದ್ದ. ಒಂದು ಸಂಜೆ ತುತ್ತು ನಿಲ್ಲಿಸಿ ಕೇಳಿದ: "ತೂಗಿಸ್ದೆ ಸಹಿ ಹಾಕಿದ್ದು ತಮ್ಮನಿಗೆ ಹೇಳಿದ್ಯಾ?"

"ಇಲ್ಲ."

"ಪಾಪ, ತನ್ನದೇ ತಪ್ಪು ಅಂದ್ಕೊಂಡೇ ಹೋದ."

ಅವನು ತಟ್ಟೆ ಎತ್ತಿಕೊಂಡು ಎದ್ದ. ನಿನ್ನ ತಪ್ಪಲ್ಲ ಎಂದು ಅವನಿಗೆ ಹೇಳಿದ್ದೆನೆಂದು ಅವಳು ಸಮಜಾಯಿಷಿ ಕೊಡಲಿಲ್ಲ.